ಮಾಸ್ಟರ್ ಕಲಿಯದ ಅಡುಗೆ

ಮೆಟ್ಟಿಲು ಹತ್ತುವಾಗಲೇ ವಾಸನೆ ಮೂಗಿಗೆ ಬಡಿಯಿತು. ಅನ್ನ ಮತ್ತೆ ಸೀದಿತ್ತು.

ಪಕ್ಕದ ಮನೆಯ ಟೀಚರಮ್ಮ ಬಾಗಿಲು ಅರ್ಧ ತೆರೆದು, ಇವತ್ತೂನಾ ಎಂದು ಕಣ್ಣಲ್ಲೇ ಕೇಳಿದರು. ನಾನು ಹಲ್ಲು ಕಿರಿದು ಒಳಗೆ ನುಗ್ಗಿದೆ.

ಅಡುಗೆಮನೆಯ ಕಿಟಕಿ ಪೂರ್ತಿ ತೆರೆದಿತ್ತು. ಫ್ಯಾನು ಗಿರಗಿರ ತಿರುಗುತ್ತಿತ್ತು. ನನ್ನ ಗಂಡ ನನ್ನದೇ ಏಪ್ರನ್ ಕಟ್ಟಿಕೊಂಡು, ಕಪ್ಪಾದ ಪಾತ್ರೆ ಹಿಡಿದು ಸಿಂಕಿನ ಮುಂದೆ ನಿಂತಿದ್ದರು. ನನ್ನನ್ನು ನೋಡಿದ ಕೂಡಲೇ ಪಾತ್ರೆಯನ್ನು ಬೆನ್ನ ಹಿಂದೆ ಸರಿಸಿದರು. ಅಷ್ಟು ದೊಡ್ಡ ಪಾತ್ರೆ ಬೆನ್ನ ಹಿಂದೆ ಅಡಗುವುದಿಲ್ಲ ಎನ್ನುವುದು ಅವರಿಗೂ ಗೊತ್ತಿತ್ತು.

"ನೀರು ಎಷ್ಟು ಹಾಕಿದ್ರಿ?"

"ನೀನು ಹೇಳಿದಷ್ಟೇ."

"ನಾನು ಹೇಳಿದಷ್ಟು ಹಾಕಿದ್ರೆ ಅನ್ನ ಆಗುತ್ತೆ ಮಾಸ್ಟರ್, ಇದ್ದಿಲು ಆಗಲ್ಲ."

"ಮೇಲ್ಗಡೆದು ತಿನ್ನಬಹುದು ಡಾಕ್ಟ್ರೇ. ನೋಡು, ಬೆಳ್ಳಗಿದೆ."

ನಾನು ಡಾಕ್ಟರಲ್ಲ, ಫಿಸಿಯೋಥೆರಪಿಸ್ಟ್. ಮುರಿದು ಕೂಡಿದ ಕೈಗೆ ಮತ್ತೆ ಲೋಟ ಹಿಡಿಯುವುದನ್ನು, ಸೋತ ಕಾಲಿಗೆ ಮತ್ತೆ ಮೆಟ್ಟಿಲು ಹತ್ತುವುದನ್ನು ಕಲಿಸುವವಳು. ಮದುವೆಯಾದ ಹೊಸತರಲ್ಲಿ ಇವರ ಹಿಡಿದುಕೊಂಡ ಬೆನ್ನನ್ನು ಬಿಡಿಸಿದ್ದಕ್ಕೆ ಸಿಕ್ಕ ಪದವಿ ಅದು. ಇವರ ಪದವಿ ಮಾತ್ರ ಅಸಲಿ. ತಂಗಿಯ ಜೊತೆ ಸೇರಿ ಬಟ್ಟೆ ಹೊಲಿಯುವ ವರ್ಕ್‌ಶಾಪ್ ನಡೆಸುತ್ತಾರೆ. ಗಿರಾಕಿಗಳ ಮಾತುಕತೆಯೆಲ್ಲ ತಂಗಿಯದು, ಇವರು ಕಟಿಂಗ್ ಮಾಸ್ಟರ್. ಮೇಜಿನ ಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿ ಇಟ್ಟರೆ ಒಂದು ನೂಲು ಆಚೀಚೆ ಆಗುವುದಿಲ್ಲ. ಆ ಕೈ ನೋಡಿಯೇ ನಾನು ಮನಸೋತದ್ದು. ಮುಖವನ್ನು ಆಮೇಲೆ ನೋಡಿದೆ, ಪರವಾಗಿಲ್ಲ ಅನ್ನಿಸಿತು.

ಅದೇ ಕೈ ಅಡುಗೆಮನೆಗೆ ಬಂದರೆ ಒಂದು ಆಲೂಗಡ್ಡೆಯ ಮುಂದೆ ಸೋಲುತ್ತಿತ್ತು.

ಆ ಸಂಜೆಯೂ ನಾವು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದೆವು. ಮೊಟ್ಟೆ ಬೇಯಿಸಿದ್ದು ನಾನು.

ಈ ಅಡುಗೆ ಪಾಠ ಶುರುವಾದದ್ದು ಒಂದೇ ಒಂದು ಮಾತಿನಿಂದ. ದೂರದ ಊರಿನ ದೊಡ್ಡ ಆಸ್ಪತ್ರೆಯೊಂದು ನನ್ನನ್ನು ಕರೆದಿತ್ತು. ಹೊಸದಾಗಿ ತೆರೆಯುವ ವಿಭಾಗ, ಅದಕ್ಕೆ ನಾನೇ ಮುಖ್ಯಸ್ಥೆ, ಎರಡು ವರ್ಷದ ಕೆಲಸ. ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿಯ ದಾರಿ. ವರ್ಕ್‌ಶಾಪ್ ಬಿಟ್ಟು ಮಾಸ್ಟರ್ ಬರುವ ಹಾಗಿಲ್ಲ. ಅಂಥ ಕೆಲಸ ನನ್ನಂಥವರನ್ನು ಹುಡುಕಿಕೊಂಡು ಬರುವುದು ಅಪರೂಪ, ಎರಡನೆಯ ಸಲ ಬರುವುದಂತೂ ಇಲ್ಲವೇ ಇಲ್ಲ.

ಊಟಕ್ಕೆ ಕೂತಾಗ ವಿಷಯ ಹೇಳಿದೆ. ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಹೋಗು," ಅಂದರು.

ಅಷ್ಟೇ. ಉಪ್ಪು ಕೇಳಿದರೆ ಉಪ್ಪಿನ ಡಬ್ಬಿ ಸರಿಸುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ನಾನು ಕೇಳಿದ್ದು ಅನುಮತಿಯನ್ನಲ್ಲ. ಅವರು ಬೇಡ ಅನ್ನಬೇಕು, ನಾನು ವಾದ ಮಾಡಬೇಕು, ಸ್ವಲ್ಪ ಅಳಬೇಕು, ಅವರು ಸಮಾಧಾನ ಮಾಡಬೇಕು, ಕೊನೆಗೆ ಇಬ್ಬರೂ ಸೇರಿ ಏನೋ ಒಂದು ದಾರಿ ಹುಡುಕಬೇಕು ಎಂದೆಲ್ಲ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ನನ್ನ ಗಂಡನಿಗೆ ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದು ಆ ಒಂದು ಮಾತಿನಲ್ಲಿ ತಿಳಿದುಹೋಯಿತು. ಆದರೆ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ನಾನು, ಅತ್ತು ತೋರಿಸುವುದುಂಟೆ?

"ಹೋಗ್ತೀನಿ," ಅಂದೆ. "ಆದ್ರೆ ನೀವು ಅಡುಗೆ ಕಲಿತ ಮೇಲೆ. ಅಲ್ಲೀವರೆಗೂ ಹೊರಡಲ್ಲ."

ಇದು ಬರೀ ಹಠವಾಗಿರಲಿಲ್ಲ. ಹಿಂದೊಮ್ಮೆ ಹೊಟ್ಟೆಯ ಹುಣ್ಣು ಒಡೆದು ಇವರು ಆಸ್ಪತ್ರೆಯಲ್ಲಿ ಮಲಗಿದ್ದರು. ಹೊರಗಿನ ಊಟ ಮುಟ್ಟಿದರೆ ಮತ್ತೆ ನನ್ನ ಹತ್ತಿರ ಬರಬೇಡಿ ಎಂದು ಡಾಕ್ಟರು ಬೆದರಿಸಿ ಕಳಿಸಿದ್ದರು. ನಾನು ಹೋದರೆ ಇವರಿಗೆ ಬೇಯಿಸಿ ಹಾಕುವವರು ಯಾರು? ಕಲಿತರೆ ನನಗೂ ನಿಶ್ಚಿಂತೆ. ತಿಂಗಳ ಕೊನೆಗೆ ಉತ್ತರ ಹೇಳುತ್ತೇನೆಂದು ಆಸ್ಪತ್ರೆಯವರನ್ನು ಒಪ್ಪಿಸಿದೆ.

ಪಾಠ ಸಂಜೆ ಹೊತ್ತು, ನಾನು ಕೆಲಸದಿಂದ ಬಂದ ಮೇಲೆ. ಒಮ್ಮೊಮ್ಮೆ ನಾನು ಬರುವ ಮುಂಚೆಯೇ ಅವರು ಉತ್ಸಾಹದಿಂದ ಶುರು ಮಾಡಿಬಿಡುತ್ತಿದ್ದರು. ಅಂಥ ದಿನಗಳಲ್ಲಿ ಟೀಚರಮ್ಮನ ಬಾಗಿಲು ಅರ್ಧ ತೆರೆದಿರುತ್ತಿತ್ತು.

"ಈರುಳ್ಳಿ ಹೆಚ್ಚಿ, ನೋಡೋಣ."

"ಎಷ್ಟು ದಪ್ಪ? ಅರ್ಧ ಇಂಚಾ, ಕಾಲಿಂಚಾ?"

"ಸಣ್ಣಗೆ."

"ಸಣ್ಣಗೆ ಅನ್ನೋದು ಒಂದು ಅಳತೇನಾ? ಗಿರಾಕಿ ಬಂದು ತೋಳು ಸ್ವಲ್ಪ ಉದ್ದ ಇರ್ಲಿ ಅಂದ್ರೆ ನಾನು ಏನಂತ ಕತ್ತರಿಸ್ಲಿ?"

"ಹಾಗಾದ್ರೆ ಟೇಪ್ ತಗೊಂಡ್ ಬನ್ನಿ."

"ತರ್ಲಾ?"

ಓರೆಗಣ್ಣಿನಲ್ಲಿ ನೋಡುತ್ತ ಕೇಳಿದರು. ತುಟಿಯ ಮೂಲೆಯಲ್ಲಿ ನಗು ಬಂದು, ನಿಲ್ಲಲೋ ಬೇಡವೋ ಎಂದು ಅನುಮಾನಿಸುತ್ತಿತ್ತು. ನಾನು ಸೌಟು ಎತ್ತಿ ತೋರಿಸಿದೆ. ಅವರು ತಲೆ ತಗ್ಗಿಸಿ ಹೆಚ್ಚತೊಡಗಿದರು. ಒಂದು ಹೋಳು ಹೆಬ್ಬೆರಳಿನಷ್ಟು ದಪ್ಪ, ಇನ್ನೊಂದು ಕಾಗದದಷ್ಟು ತೆಳು, ಮೂರನೆಯದು ಹಾರಿ ನೆಲಕ್ಕೆ ಬಿತ್ತು.

ನೋಡಲಾಗದೆ ಹಿಂದಿನಿಂದ ಹೋಗಿ ಅವರ ಮಣಿಕಟ್ಟು ಹಿಡಿದೆ. ದಿನವಿಡೀ ಹತ್ತಾರು ಮಣಿಕಟ್ಟು ಹಿಡಿಯುವವಳು ನಾನು. ಹೊಸದಾಗಿ ಚಾಕು ಹಿಡಿದವರ ಕೈ ಬಿಗಿದುಕೊಂಡಿರುತ್ತದೆ. ಇವರದು ಸಡಿಲವಾಗಿ, ಹಗುರವಾಗಿ ಇತ್ತು. ಅದನ್ನು ನಾನು ಅಲ್ಲೇ ಗಮನಿಸಬೇಕಿತ್ತು. ಆದರೆ ನನ್ನ ಕೆನ್ನೆ ಅವರ ಕಿವಿಯ ಹತ್ತಿರವಿತ್ತು, ಅವರ ಅಂಗಿಯಿಂದ ಸೀಮೆಸುಣ್ಣದ ಪುಡಿಯ, ಹೊಸ ಬಟ್ಟೆಯ ವಾಸನೆ ಬರುತ್ತಿತ್ತು, ಗಮನ ಹೋಗಬೇಕಾದ ಕಡೆ ಹೋಗಲಿಲ್ಲ.

"ಹೀಗೆ. ಬೆರಳು ಮಡಚಿ. ಚಾಕು ಎತ್ತಬೇಡಿ, ಜಾರಿಸಿ."

"ನೀನು ಹೀಗೆ ನಿಂತ್ರೆ ನಾನು ಈರುಳ್ಳಿ ನೋಡೋದಾ, ಏನು ನೋಡೋದು?"

"ಈರುಳ್ಳಿನೇ ನೋಡಿ. ಬೆರಳು ಹೋದ್ರೆ ಕಟಿಂಗ್ ಯಾರು ಮಾಡ್ತಾರೆ?"

ಅಂಥ ಹೊತ್ತಿನಲ್ಲಿ ನಾನು ದೂರ ಹೋಗುವವಳು ಎನ್ನುವುದೇ ಮರೆತುಹೋಗುತ್ತಿತ್ತು. ನಿಜ ಹೇಳಬೇಕೆಂದರೆ ಆ ವಾರಗಳಲ್ಲಿ ನಾವು ಅಡುಗೆಮನೆಯಲ್ಲಿ ಆಡಿದಷ್ಟು ಮಾತು ಅದರ ಹಿಂದಿನ ಒಂದು ವರ್ಷದಲ್ಲಿ ಆಡಿರಲಿಲ್ಲ. ಅನ್ನ ಸೀದಾಗ ಸಿಟ್ಟು ಬರುತ್ತಿತ್ತು. ಅದರ ಬೆನ್ನಿಗೇ ಒಂದು ಕಳ್ಳ ಖುಷಿ, ಇನ್ನೂ ಕಲಿತಿಲ್ಲ, ಇನ್ನೂ ಹೊರಡಬೇಕಾಗಿಲ್ಲ. ಆಮೇಲೆ ನೆನಪಾಗುತ್ತಿತ್ತು, ಹೋಗು ಅಂದವರು ಇವರೇ. ಖುಷಿಯೆಲ್ಲ ಕಹಿಯಾಗುತ್ತಿತ್ತು. ಹೋಗು ಅಂದವರಿಗೆ ಬೇಗ ಕಲಿತು ನನ್ನನ್ನು ಸಾಗಹಾಕುವ ಆತುರವೂ ಇಲ್ಲವಲ್ಲ, ಇದೆಂಥ ಮನುಷ್ಯ ಎಂದು ತಲೆ ಕೆಟ್ಟುಹೋಗುತ್ತಿತ್ತು.

ಒಂದು ದಿನ ಬಾಣಲೆ ತೊಳೆಯುತ್ತ ಕೇಳಿಯೇಬಿಟ್ಟೆ.

"ನಾನು ಹೋದ್ಮೇಲೆ ಸಂಜೆ ಏನ್ಮಾಡ್ತೀರಿ?"

"ಏನ್ಮಾಡೋದು. ಬೇಯಿಸ್ತೀನಿ, ತಿಂತೀನಿ, ಮಲಗ್ತೀನಿ."

"ಅಷ್ಟೇನಾ?"

"ಇನ್ನೇನು?"

ಬಾಣಲೆಯನ್ನು ಇಟ್ಟ ಸದ್ದು ಟೀಚರಮ್ಮನಿಗೂ ಕೇಳಿಸಿರಬೇಕು. ಮಾಸ್ಟರ್ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಡಚಿ, ಅಂಚಿಗೆ ಅಂಚು ಕೂಡಿಸಿ, ಕಟ್ಟೆಯ ಮೇಲಿಟ್ಟು ಹೊರಗೆ ಹೋದರು.

ಆ ಭಾನುವಾರ ನನ್ನ ನಾದಿನಿ ಬಂದಳು. ಮಕ್ಕಳಿಬ್ಬರ ತಾಯಿ, ವರ್ಕ್‌ಶಾಪಿನ ಅರ್ಧ ಯಜಮಾನಿ, ಆದರೂ ಎಲ್ಲರ ಬಾಯಲ್ಲಿ ಪುಟ್ಟಿ.

"ಅಣ್ಣನ ಅಡುಗೆ ತಿನ್ನೋಕೆ ಬಂದೆ ಅತ್ತಿಗೆ."

"ಮನೇಲಿ ಹೇಳಿ ಬಂದಿದ್ದೀಯಾ? ವಾಪಸ್ ಹೋಗ್ತೀಯೋ ಇಲ್ವೋ ಗ್ಯಾರಂಟಿ ಇಲ್ಲ."

ಮಾಸ್ಟರ್ ತರಕಾರಿ ಸೂಪ್ ಮಾಡಿದ್ದರು. ಹೋಳುಗಳು ಕೆಲವು ಕರಗಿಹೋಗಿದ್ದವು, ಕೆಲವು ಹಲ್ಲಿಗೆ ಸವಾಲು ಹಾಕುತ್ತಿದ್ದವು. ಉಪ್ಪಂತೂ ಕೇಳಲೇಬೇಡಿ. ಪುಟ್ಟಿ ಒಂದು ಚಮಚ ಬಾಯಿಗಿಟ್ಟು ಅಣ್ಣನ ಮುಖವನ್ನೇ ನೋಡಿದಳು.

"ಇದನ್ನ ನೀನು ಮಾಡಿದ್ದಾ?"

"ಯಾಕೆ, ಚೆನ್ನಾಗಿಲ್ವಾ?"

"ಅಲ್ಲಣ್ಣ, ವರ್ಕ್‌ಶಾಪಲ್ಲಿ ಮಧ್ಯಾಹ್ನ..."

ಮೇಜಿನ ಕೆಳಗೆ ಯಾವುದೋ ಕಾಲು ಯಾವುದೋ ಕಾಲನ್ನು ತುಳಿಯಿತು. ಪುಟ್ಟಿ ನಾಲಿಗೆ ಕಚ್ಚಿಕೊಂಡಳು.

"ಮಧ್ಯಾಹ್ನ ಏನು?" ಅಂದೆ.

"ಏನಿಲ್ಲ ಅತ್ತಿಗೆ. ಮಧ್ಯಾಹ್ನ ಹಸಿವು ಜಾಸ್ತಿ ಅಂತಾನೆ."

ಪಾಠ ಶುರುವಾದ ಮೇಲೆ ಮಾಸ್ಟರ್ ನನ್ನ ಕೈಯಿಂದ ಮಧ್ಯಾಹ್ನದ ಡಬ್ಬಿ ಒಯ್ಯುವುದನ್ನು ನಿಲ್ಲಿಸಿದ್ದರು. ಬ್ರೆಡ್ಡು, ಬಾಳೆಹಣ್ಣು ಸಾಕು, ನೀನು ಬೆಳಿಗ್ಗೆ ಒದ್ದಾಡಬೇಡ ಅಂದಿದ್ದರು. ನನ್ನ ತಲೆಯಲ್ಲಿ ದೀಪ ಹೊತ್ತಿತು. ಪುಟ್ಟಿ ಹೊರಟು ಬಾಗಿಲು ಹಾಕಿದ ಮೇಲೆ ಸೀದಾ ಕೇಳಿದೆ.

"ಹೋಟೆಲಿಂದ ತರಿಸಿ ತಿಂತಿದ್ದೀರಾ?"

ಅವರು ಗೋಡೆ ನೋಡಿದರು.

"ಮಾಸ್ಟರ್, ನಿಮ್ಮನ್ನೇ."

"ಹೂಂ. ತಿಂತಿದ್ದೆ."

"ನಿಮಗೇನಾದ್ರೂ ಆದ್ರೆ ನಾನು ಅಷ್ಟು ದೂರದಿಂದ ಓಡಿ ಬರೋಕಾಗುತ್ತಾ? ನಾನು ಇಲ್ಲಿರೋವಾಗಲೇ ಹೀಗೆ ಕಣ್ಣಿಗೆ ಮಣ್ಣೆರಚಿದ್ರೆ ನಾಳೆ ಯಾರನ್ನ ನಂಬಿ ಹೋಗಲಿ?"

"ಇನ್ಮೇಲೆ ತಿನ್ನಲ್ಲ."

ಕೋಪದಲ್ಲಿ ನನಗೆ ಅಳು ಬಂತು. ಅವರು ಹತ್ತಿರ ಬಂದು ನನ್ನ ಭುಜ ಮುಟ್ಟಿದರು, ನಾನು ಸರಿದು ನಿಂತೆ. ಆಮೇಲೆ ಎರಡು ದಿನ ಮನೆಯಲ್ಲಿ ಪಾತ್ರೆಗಳದ್ದಷ್ಟೇ ಮಾತು.

ಮೂರನೆಯ ದಿನ ರಾಜಿಯಾಗಲೆಂದೋ ಏನೋ ಮಾಸ್ಟರ್ ಮತ್ತೆ ಸೂಪ್ ಮಾಡಿದರು. ಬಾಯಿಗಿಟ್ಟ ಕೂಡಲೇ ಕಾಳುಮೆಣಸಿನ ಖಾರ ನೆತ್ತಿಗೇರಿತು. ನಾನು ಬಟ್ಟಲು ದೂರ ತಳ್ಳಿ, "ಇದನ್ನ ಸಿಂಕಿಗೆ ಸುರೀರಿ" ಎಂದೆ. ಸುರಿಯಲಿಲ್ಲ. ಎದುರಿಗೆ ಕೂತು, ನನ್ನ ಕಣ್ಣೆದುರೇ, ಒಂದೊಂದೇ ಚಮಚ ಕುಡಿದು ಬಟ್ಟಲು ಖಾಲಿ ಮಾಡಿದರು. ಬೇಡ ಬೇಡ ಅಂದರೂ ಕೇಳಲಿಲ್ಲ. ಅವರ ಕಣ್ಣಲ್ಲಿ ನೀರು ಬಂದಿತ್ತು. ಖಾರಕ್ಕೆ ಎಂದುಕೊಂಡೆ.

ಬೆಳಿಗ್ಗೆ ಎದ್ದಾಗ ಅವರು ಸೋಫಾದ ಮೇಲೆ ಮುದುಡಿ ಮಲಗಿದ್ದರು. ಹಣೆಯ ಮೇಲೆ ಬೆವರು, ತುಟಿ ಬಿಳಿಚಿತ್ತು. ಆಟೋ ಹಿಡಿದು ಕರೆದುಕೊಂಡು ಹೋದೆ. ಡಾಕ್ಟರು ಇಂಜೆಕ್ಷನ್ ಕೊಟ್ಟು, ಹುಣ್ಣು ಮತ್ತೆ ಕೆರಳಿದೆ, ಇನ್ನೊಂದು ಸಲ ಹೀಗಾದರೆ ಆಪರೇಷನ್ನೇ ಎಂದು ನನ್ನನ್ನೇ ಗದರಿದರು. "ಮನೆ ಊಟ ಅಂದ್ರೆ ಇದೇನಾ ಮೇಡಂ?"

ಮನೆಗೆ ತಂದು ಮಲಗಿಸಿದೆ. ಬಿಸಿನೀರಿನ ಚೀಲ ಹೊಟ್ಟೆಯ ಮೇಲಿಟ್ಟೆ. ನನ್ನ ಕೈ ಹಿಡಿದುಕೊಂಡೇ ನಿದ್ದೆ ಹೋದರು. ಸಂಜೆ ಬಿಸಿಲು ಪರದೆಯ ಅಂಚಿನಿಂದ ಬಂದು ಅವರ ಬೆರಳುಗಳ ಮೇಲೆ ಬಿದ್ದಿತ್ತು, ತೋರುಬೆರಳಿನ ಬುಡದಲ್ಲಿ ಕತ್ತರಿ ಒತ್ತಿ ಆದ ಗಟ್ಟಿ ಚರ್ಮ. ಆ ಕೈಯನ್ನು ನೋಡುತ್ತ ಕೂತಿದ್ದಾಗ ನನ್ನ ತೀರ್ಮಾನ ತಾನಾಗಿಯೇ ಆಯಿತು. ಇವರಿಗೆ ಅಡುಗೆ ಬರುವುದಿಲ್ಲ. ಹೊರಗೆ ತಿಂದರೂ ಕಷ್ಟ, ತಾವೇ ಬೇಯಿಸಿಕೊಂಡರೂ ಕಷ್ಟ. ನಾನು ಇವರಿಗೆ ಬೇಕೋ ಬೇಡವೋ, ನನಗೆ ಇವರು ಬೇಕು. ಬದುಕಿದ್ದು ಬೇಕು.

ಆದರೂ ಆ ದೂರದ ಊರಿನ ವಿಭಾಗ, ನಾನಿನ್ನೂ ನೋಡಿರದ ಅದರ ಕಿಟಕಿಗಳು, ಅಲ್ಲಿ ನಾನು ನಡೆಸಬೇಕಿದ್ದ ರೋಗಿಗಳು ಕಣ್ಣ ಮುಂದೆ ಬಂದವು. ಒಂದೊಂದನ್ನೇ ಒಳಗೇ ಕೈಬಿಟ್ಟೆ. ಎಷ್ಟು ನೋವಾಯಿತೆಂದರೆ, ಮೆಲ್ಲಗೆ ಕೈ ಬಿಡಿಸಿಕೊಂಡು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಎರಡು ದಿನ ಕಳೆದು ಶನಿವಾರ. ಆಸ್ಪತ್ರೆಗೆ ಉತ್ತರ ಕೊಡಬೇಕಾದ ಕೊನೆಯ ದಿನ. ಮಾಸ್ಟರ್ ಎದ್ದು ಓಡಾಡುವಂತಾಗಿದ್ದರು. ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಅವರಿಗೆಂದು ಮೆತ್ತಗಿನ ಊಟ ಮಾಡಲು ಕ್ಯಾರೆಟ್ ತೊಳೆಯುತ್ತಿದ್ದೆ. ಅವರು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು.

"ಸಂಜೆ ಫೋನ್ ಮಾಡ್ತೀನಿ ಅವರಿಗೆ," ಅಂದೆ.

"ಯಾವಾಗ ಬರ್ತೀನಿ ಅಂತಾನಾ?"

"ಬರಲ್ಲ ಅಂತ."

ನಾನು ತಿರುಗಿ ನೋಡಲಿಲ್ಲ. ಅವರ ಮುಖದಲ್ಲಿ ನಿರಾಳ ಕಂಡರೆ ಸಂತೋಷವಾಗುತ್ತದೋ ಸಂಕಟವಾಗುತ್ತದೋ ನನಗೇ ಗೊತ್ತಿರಲಿಲ್ಲ.

"ಯಾಕೆ?"

"ಯಾಕೆ ಅಂತ ಕೇಳ್ತೀರಲ್ಲ? ನಿಮ್ಮನ್ನ ಹೀಗೆ ಬಿಟ್ಟು ಎಲ್ಲಿಗೆ ಹೋಗಲಿ? ಒಂದು ಕ್ಯಾರೆಟ್ ನೆಟ್ಟಗೆ ಹೆಚ್ಚೋಕೆ ಬರಲ್ಲ ನಿಮಗೆ. ಬಿಡಿ. ನನ್ನ ಹಣೇಲಿ ಇಷ್ಟೇ ಬರೆದಿತ್ತು ಅಂದ್ಕೋತೀನಿ."

ಅವರು ಒಳಗೆ ಬಂದು ಕೈ ತೊಳೆದುಕೊಂಡರು. ನನ್ನ ಕೈಯಿಂದ ಚಾಕು ತೆಗೆದುಕೊಂಡರು. ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹಲಗೆಯ ಮುಂದೆ ನಿಂತರು.

"ಇಲ್ಲಿ ನೋಡು," ಅಂದರು.

ಕ್ಯಾರೆಟ್ಟಿನ ತುದಿ ತೆಗೆದು ಹಲಗೆಯ ಮೇಲೆ ಮಲಗಿಸಿದರು. ಎಡಗೈ ಬೆರಳು ಮಡಚಿಕೊಂಡವು. ಚಾಕು ಹಲಗೆಯಿಂದ ಏಳಲೇ ಇಲ್ಲ, ಜಾರುತ್ತ ಹೋಯಿತು. ಹೋಳುಗಳು ಒಂದರ ಮೇಲೊಂದು ಒರಗಿಕೊಂಡು ಸಾಲಾದವು, ಎಲ್ಲವೂ ಒಂದೇ ದಪ್ಪ. ಒಂದು ಮುಗಿಯಿತು, ಇನ್ನೊಂದು ಮುಗಿಯಿತು. ಆಮೇಲೆ ಬೀನ್ಸ್. ಆಮೇಲೆ ಈರುಳ್ಳಿ, ಸಣ್ಣಗೆ, ಟೇಪ್ ಇಲ್ಲದೆ.

ಕಾಲು ನೋವೆಂದು ನಾಟಕ ಮಾಡಿ ರಜೆ ಕೇಳಲು ಬರುವವರನ್ನು ನಾನು ಆಸ್ಪತ್ರೆಯ ಬಾಗಿಲಲ್ಲೇ ಹಿಡಿಯುತ್ತೇನೆ. ಅವರ ನಡಿಗೆಯ ಎರಡು ಹೆಜ್ಜೆ ಸಾಕು ನನಗೆ. ನನ್ನ ಮನೆಯ ಅಡುಗೆಮನೆಯಲ್ಲಿ, ನನ್ನ ಕೈಕೆಳಗೇ, ನನ್ನ ಗಂಡ ವಾರಗಟ್ಟಲೆ ನಾಟಕ ಆಡಿದ್ದರು.

ಅವರು ಒಲೆ ಹಚ್ಚಿದರು. ಅಕ್ಕಿ ತೊಳೆದು ನೀರು ಹಾಕಿದರು, ಬೆರಳಿನ ಗೆಣ್ಣು ಅದ್ದಿ ನೋಡಿ ಇನ್ನೊಂದು ಸ್ವಲ್ಪ ಹಾಕಿದರು. ಉಕ್ಕು ಬರುವ ಹೊತ್ತಿಗೆ, ಆ ಕಡೆ ನೋಡದೆಯೇ ಕೈ ಚಾಚಿ ಉರಿ ತಗ್ಗಿಸಿದರು. ತರಕಾರಿಗೆ ಉಪ್ಪು ಹಾಕಿ, ಚಮಚದ ತುದಿಯಿಂದ ರುಚಿ ನೋಡಿ, ತಲೆಯಾಡಿಸಿದರು. ಅಷ್ಟು ಹೊತ್ತೂ ನಾನು ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತಿದ್ದೆ.

"ಯಾವಾಗಿಂದ?" ಅಂದೆ.

"ಶುರುವಿಂದಲೇ. ವರ್ಕ್‌ಶಾಪಲ್ಲಿ ಇಸ್ತ್ರಿ ಮಾಡೋ ತಾತ ಹೇಳ್ಕೊಟ್ರು. ಮಧ್ಯಾಹ್ನ ಎಲ್ಲರಿಗೂ ನಾನೇ ಬೇಯಿಸೋದು. ಪುಟ್ಟಿ ದಪ್ಪ ಆಗಿದಾಳೆ, ನೋಡ್ಲಿಲ್ವಾ?"

"ನಗಿಸಬೇಡಿ ನನ್ನ! ಹೋಟೆಲಿಂದ ತರಿಸಿ ತಿಂತಿದ್ದೆ ಅಂದ್ರಿ?"

"ಅದು ಸುಳ್ಳು."

"ಆ ಖಾರದ ಸೂಪು?"

"ಅದು ಬೇಕಂತ್ಲೇ ಕೆಡಿಸಿದ್ದು. ನಿನ್ನ ಮುಖ ನೋಡಿ ನಾಚಿಕೆ ಆಯ್ತು. ಸುರಿಯೋಕೆ ಮನಸ್ಸು ಬರ್ಲಿಲ್ಲ, ಕುಡಿದೆ."

"ನಾನು ಆ ಕೆಲಸ ಬೇಡ ಅನ್ನೋಕೆ ಹೊರಟಿದ್ದೆ ಮಾಸ್ಟರ್!"

"ಅದಕ್ಕೇ ಈಗ ಹೆಚ್ಚಿದ್ದು."

"ಒಂದು ಮಾತು ಹೇಳೋಕೆ ನಿಮಗೆ ನಾಲಿಗೆ ಇರಲಿಲ್ಲ, ಅನ್ನ ಸೀಯಿಸೋಕೆ ಮಾತ್ರ ಕೈ ಇತ್ತಾ? ಹೋಗೋದು ಬೇಡ ಅನ್ನಿಸಿದ್ರೆ ಬೇಡ ಅನ್ನಬೇಕಿತ್ತು. ಹೋಗು ಅಂದ್ರಿ. ಉಸಿರು ಬಿಡೋದ್ರೊಳಗೆ ಅಂದ್ರಿ. ಅವತ್ತಿಂದ ನಾನು ಒಳಗೊಳಗೇ ಎಷ್ಟು ಸತ್ತಿದೀನಿ ಗೊತ್ತಾ?"

ಅವರು ಒಲೆ ಆರಿಸಿದರು. ಏಪ್ರನ್ನಿನ ಅಂಚಿಗೆ ಕೈ ಒರೆಸಿಕೊಂಡರು. ಮಾತು ಹುಡುಕುವಾಗ ಅವರು ಹೀಗೆಯೇ, ಕೈಗೆ ಏನಾದರೂ ಕೆಲಸ ಬೇಕು.

"ನಿಂಗೆ ಅವರ ಫೋನ್ ಬಂದ ದಿನ ನಾನು ಬೇಗ ಬಂದಿದ್ದೆ. ಬಾಗಿಲು ಸ್ವಲ್ಪ ತೆರೆದಿತ್ತು. ನೀನು ಇಲ್ಲೇ ನಿಂತಿದ್ದೆ, ಫೋನ್ ಇಟ್ಟೆ. ಆಮೇಲೆ ಒಂಟಿ ಕಾಲಲ್ಲಿ ಕುಣಿದೆ. ಕೈಲಿ ಸೌಟಿತ್ತು. ಹಾಲ್ವರೆಗೂ ಕುಣ್ಕೊಂಡು ಹೋಗಿ ವಾಪಸ್ ಬಂದೆ."

ನನಗೆ ಮೈಯೆಲ್ಲ ಬಿಸಿಯಾಯಿತು.

"ನಿನ್ನ ಮುಖದಲ್ಲಿ ಅಷ್ಟು ಖುಷಿ ನೋಡಿ ಎಷ್ಟು ಕಾಲ ಆಗಿತ್ತು ಅಂತ ಲೆಕ್ಕ ಹಾಕೋಕೇ ಭಯ ಆಯ್ತು ನಂಗೆ. ಸದ್ದು ಮಾಡದೆ ಕೆಳಗಿಳಿದು ಹೋದೆ. ಬೀದೀಲಿ ಒಂದು ಸುತ್ತು ಹಾಕಿ, ಗಂಟಲು ಸರಿ ಮಾಡ್ಕೊಂಡು ಬಂದೆ. ಬಂದಾಗ ನೀನು ಮುಖ ಗಂಭೀರ ಮಾಡ್ಕೊಂಡು ಬಡಿಸ್ತಿದ್ದೆ, ನಂಗೆಲ್ಲಿ ಬೇಜಾರಾಗುತ್ತೋ ಅಂತ."

"ಅದಕ್ಕೆ ಹೋಗು ಅಂದ್ರಾ?"

"ಬೇಡ ಅನ್ನೋದು ಬಾಯಿಗೆ ಬಂದಿತ್ತು. ಒಂದು ಕ್ಷಣ ತಡ ಮಾಡಿದ್ರೂ ಆಚೆ ಬರ್ತಿತ್ತು. ನಾನು ಬೇಡ ಅಂದ್ರೆ ನೀನು ಹೋಗ್ತಿರಲಿಲ್ಲ ಡಾಕ್ಟ್ರೇ. ಜಗಳ ಆಡ್ತಿದ್ದೆ, ಅಳ್ತಿದ್ದೆ, ಕೊನೆಗೆ ನಿಲ್ತಿದ್ದೆ. ನಂಗೆ ಗೊತ್ತು."

ನಾನು ಇಲ್ಲ ಎನ್ನಲು ಬಾಯಿ ತೆರೆದೆ. ಇಲ್ಲ ಎಂದು ಬರಲಿಲ್ಲ, ಯಾಕೆಂದರೆ ನಿಲ್ಲುತ್ತಿದ್ದೆ.

"ಹಾಗಿದ್ಮೇಲೆ ಸೀಯಿಸಿದ್ದು ಯಾಕೆ?"

"ಮೊದಲ ಸಲ ನಿಜವಾಗ್ಲೂ ಸೀದಿತ್ತು. ನೀನು ಬೈದೆ, ಆಮೇಲೆ ಪಕ್ಕ ನಿಂತು ಕೈ ಹಿಡಿದು ಹೇಳ್ಕೊಟ್ಟೆ. ಇನ್ನೊಂದು ದಿನ ಇರ್ತಾಳೆ ಅನ್ನಿಸ್ತು. ಆಸೆ ಆಯ್ತು. ಅಲ್ಲಿ ಕಲಿತಿದ್ದು ನೀನು ಹೋಗೋಕೆ ಅಂತ. ಇಲ್ಲಿ ಕೆಡಿಸಿದ್ದು..." ಮಾತು ಅಲ್ಲಿಗೇ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಎಷ್ಟು ಬಯಕೆ, ಎಷ್ಟು ನಾಚಿಕೆ ಇತ್ತೆಂದರೆ ನನ್ನ ಸಿಟ್ಟಿಗೆ ನಿಲ್ಲಲು ಜಾಗ ಸಿಗದೆ ಹೋಯಿತು. ಆದರೂ ಬಿಡಲಿಲ್ಲ ನಾನು.

"ನನ್ನ ಮೇಲೆ ಪ್ರೀತಿ ಇದೆ ಅನ್ನೋಕೆ ಇಷ್ಟು ಅಕ್ಕಿ ದಂಡ ಮಾಡಬೇಕಿತ್ತಾ?"

"ಇದೆ," ಅಂದರು. "ತುಂಬಾ ಇದೆ. ಊಟ ಮಾಡು, ಆರಿಹೋಗುತ್ತೆ."

ಎದುರುಬದುರು ಕೂತೆವು. ಅನ್ನ ಅಗುಳಗುಳಾಗಿ ಬಿಡಿಸಿಕೊಂಡಿತ್ತು. ತರಕಾರಿ ಬೆಂದಿತ್ತು, ಕರಗಿರಲಿಲ್ಲ. ಉಪ್ಪು ಸರಿಯಾಗಿತ್ತು. ನನ್ನ ಅಡುಗೆಗಿಂತ ಚೆನ್ನಾಗಿತ್ತು ಎನ್ನುವುದನ್ನು ಇವತ್ತಿಗೂ ಅವರ ಮುಂದೆ ಒಪ್ಪಿಕೊಂಡಿಲ್ಲ. ಒಂದೊಂದು ತುತ್ತಿಗೂ ಇನ್ನೇನೂ ನೆಪ ಉಳಿದಿಲ್ಲ ಅನ್ನಿಸುತ್ತಿತ್ತು. ರುಚಿಯಾದ ಊಟ ಅಷ್ಟು ದುಃಖ ಕೊಡಬಲ್ಲದು ಎಂದು ನನಗೆ ಅವತ್ತು ಗೊತ್ತಾಯಿತು. ಅವರು ನನ್ನನ್ನೇ ನೋಡುತ್ತ, ತಟ್ಟೆ ಖಾಲಿಯಾದ ಹಾಗೆ ಬಡಿಸುತ್ತಿದ್ದರು.

"ಹೊಟ್ಟೆ ನೋವು ಬಂದ್ರೆ ಫೋನ್ ಮಾಡ್ತೀರಾ?"

"ಮಾಡ್ತೀನಿ."

"ಸುಳ್ಳು ಹೇಳಲ್ಲ?"

"ಹೇಳಲ್ಲ. ಹೇಳಿದ್ರೆ ಪುಟ್ಟಿ ಹೇಳ್ಬಿಡ್ತಾಳೆ."

ಕೈ ತೊಳೆದು ಬಂದು, ಅವರೆದುರಿಗೇ ಕೂತು ಆಸ್ಪತ್ರೆಗೆ ಫೋನ್ ಮಾಡಿದೆ. ಮಾಸ್ಟರ್ ತಟ್ಟೆಗಳನ್ನು ಒಂದರೊಳಗೊಂದು ಇಡುತ್ತಿದ್ದರು, ಇಟ್ಟದ್ದನ್ನು ತೆಗೆದು ಮತ್ತೆ ಇಡುತ್ತಿದ್ದರು. ಆ ಕಡೆಯವರಿಗೆ ಖುಷಿಯಾಯಿತು. ಸೋಮವಾರವೇ ಹೊರಡಬಹುದಾ ಎಂದು ಕೇಳಿದರು. ಮಾಸ್ಟರ್ ಕಡೆ ನೋಡಿದೆ. ಅವರು ತಲೆಯಾಡಿಸಿದರು.

"ಬರ್ತೀನಿ. ಸೋಮವಾರದ ರೈಲಿಗೆ," ಎಂದು ಫೋನ್ ಇಟ್ಟೆ.

ಈ ಸಲ ನಾನು ಕುಣಿಯಲಿಲ್ಲ. ಕೂತಲ್ಲೇ ಕೂತಿದ್ದೆ. ಮಾಸ್ಟರ್ ತಟ್ಟೆಗಳನ್ನು ಬಿಟ್ಟು ನನ್ನ ಪಕ್ಕದ ಕುರ್ಚಿಗೆ ಬಂದು ಕೂತರು. ಅವರ ಕೈ ಇನ್ನೂ ಒದ್ದೆಯಾಗಿತ್ತು, ಹಾಗೆಯೇ ನನ್ನ ಕೈ ಹಿಡಿದುಕೊಂಡರು.

"ಹೋಗಬೇಡ," ಅಂದರು.

"ಏನಂದ್ರಿ?"

"ಹೋಗಬೇಡ. ಇಲ್ಲೇ ಇರು. ನೀನಿಲ್ಲದೆ ಈ ಮನೇಲಿ ನಂಗೆ ಆಗಲ್ಲ."

ನಾನು ಅವರ ಮುಖವನ್ನೇ ನೋಡಿದೆ. "ಈಗ ಹೇಳ್ತಿದ್ದೀರಾ? ಬರ್ತೀನಿ ಅಂತ ಮಾತು ಕೊಟ್ಟಾದ ಮೇಲೆ?"

"ಈಗ ಹೇಳಿದ್ರೆ ನೀನು ನಿಲ್ಲಲ್ಲ. ಅದಕ್ಕೇ ಈಗ ಹೇಳ್ತಿರೋದು."

ಆ ಮಾತು ಕೇಳಲು ನಾನು ಎಷ್ಟು ಕಾದಿದ್ದೆ ಎಂದು ಅಲ್ಲಿಯವರೆಗೆ ನನಗೂ ತಿಳಿದಿರಲಿಲ್ಲ. ಅವರ ಭುಜಕ್ಕೆ ಹಣೆ ಒತ್ತಿ ಜೋರಾಗಿ ಅತ್ತುಬಿಟ್ಟೆ. ಪಕ್ಕದ ಮನೆಗೆ ಕೇಳಿಸಿದರೆ ಕೇಳಿಸಲಿ.

"ಇನ್ನೊಂದ್ಸಲ ಹೇಳಿ."

"ಹೋಗಬೇಡ ಕಣೇ."

ಸೋಮವಾರ ರೈಲು ಹೊರಡುವವರೆಗೂ ಅವರು ಅದನ್ನೇ ಹೇಳುತ್ತಿದ್ದರು, ಬಟ್ಟೆ ಮಡಚಿಕೊಡುವಾಗ, ಮೆಟ್ಟಿಲಿಳಿಯುವಾಗ, ಕಿಟಕಿಯ ಸರಳು ಹಿಡಿದು ನಿಂತಾಗ. ನಾನು ಒಂದು ಸಲವೂ ಸಾಕು ಅನ್ನಲಿಲ್ಲ.